ಮೂರು ಸಲ ಊದಬೇಕು

ಏಳಕ್ಕೆ ಹೋದರೆ ಹೆಂಗಸರು ಮನೆಯಲ್ಲಿ ಸಿಗುತ್ತಾರೆ ಅಂದಿದ್ದರು ಆಫೀಸಿನಲ್ಲಿ.
ದಾವಣಗೆರೆಯ ಈ ಓಣಿಯಲ್ಲಿ ಎರಡಕ್ಕೇ ಭಟ್ಟಿ ಹೊತ್ತಿಕೊಳ್ಳುತ್ತದೆ,
ಏಳಕ್ಕೆ ಅರ್ಧ ದಿನ ಮುಗಿದಿರುತ್ತದೆ,
ಮೊದಲ ಇಪ್ಪತ್ತು ಚೀಲ ಮಂಡಕ್ಕಿ ಬಾಯಿ ಹೊಲಿಸಿಕೊಂಡು
ಲಾರಿ ಹತ್ತಿ ಕೂತಿರುತ್ತವೆ
ದಿಬ್ಬಣದವರ ಹಾಗೆ.

ಮನೆ ನಂಬರು ನೂರಾ ಹದಿನೇಳು. ಬಾಗಿಲಿಗೆ ಹಳೇ ಫ್ಲೆಕ್ಸಿನ ಪರದೆ,
ಯಾರದೋ ಹುಟ್ಟುಹಬ್ಬದ ಶುಭಾಶಯ, ಅರ್ಧ ಮೀಸೆ.
'ಸರ್ವೆಗೆ ಬಂದೀನ್ರಿ' ಅಂದೆ.
ಮೀಸೆ ಸರಿಸಿ ಇಣುಕಿದಳು ಪೀರಾಂಬಿ.

ಮೊದಲು ಒಪ್ಪಿಗೆ ಪತ್ರ. ಗಟ್ಟಿಯಾಗಿ ಓದಬೇಕು, ನಿಯಮ.
'ಈ ಅಧ್ಯಯನದಿಂದ ತಮಗೆ ನೇರವಾದ ಯಾವ ಲಾಭವೂ ಇರುವುದಿಲ್ಲ.'
ಅವಳು ಕೈಲಿದ್ದ ಮೊರ ಕೆಳಗಿಟ್ಟಳು.
'ಇನ್ನೊಂದ್ಸಲ ಓದು.'
ಓದಿದೆ.
'ಓಟಿಗೆ ಬಂದೋರು, ಸಂಘದ ಸಾಲ ಅಂತ ಬಂದೋರು,
ಸೊಳ್ಳೆಪರದೆ ಕೊಡ್ತೀವಂತ ಬಂದೋರು,
ಒಬ್ರೂ ಹಿಂಗೆ ಬಾಯಿಬಿಟ್ಟು ಹೇಳಿರ್ಲಿಲ್ಲ ನೋಡು ಬೇಟಿ'
ಅಂತ ಹೆಬ್ಬೆಟ್ಟು ಮುಂದೆ ಚಾಚಿದಳು.
ಇಂಕು ತಾಗುವ ಮೊದಲೇ ಕಪ್ಪಿತ್ತು ಅದು.

ಕಳೆದ ಹದಿನೈದು ದಿನಗಳಲ್ಲಿ ಕೆಮ್ಮು ಬಂದಿತ್ತೆ?
'ಹೋಗಿದ್ರೆ ತಾನೆ ಬರೋದು.'
ಹೌದು ಅಂತ ಒತ್ತಿದೆ.
ಕಿಟಕಿ ಎಷ್ಟು? 'ಒಂದು. ಮುಚ್ಚೇ ಇರ್ತೀವಿ.'
ಒಂದು ಅಂತ ಒತ್ತಿದೆ.
ಅಡುಗೆಗೆ ಯಾವ ಇಂಧನ? 'ಗ್ಯಾಸು.'
ಟ್ಯಾಬಿನ ಮೇಲೆ ಹಸಿರು ಗುರುತು ಬಿತ್ತು.
ಹಿಂಗೋಡೆಯಾಚೆ ಹೊಟ್ಟಿನ ಜತೆ ಟಯರು ಉರಿಯುತ್ತಿತ್ತು.
ಅದರಲ್ಲಿ ಬೇಯುವುದು ಊರಿನವರ ಸಂಜೆಯ ತಿಂಡಿ,
ಈ ಮನೆಯ ಅಡುಗೆಯ ಲೆಕ್ಕಕ್ಕೆ ಬರುವುದಿಲ್ಲ.

ಆಮೇಲೆ ಕೊಳವೆ. ಗೇಣುದ್ದ, ಬಿಳಿ, ಪಕ್ಕದಲ್ಲೊಂದು ಕೆಂಪು ಮುಳ್ಳು.
ನಿಂತು, ಎದೆ ತುಂಬ ಎಳೆದುಕೊಂಡು, ಒಂದೇ ಏಟಿಗೆ ಊದಬೇಕು.
ಮೂರು ಸಲ ಊದಿಸಿ ಹೆಚ್ಚಿನದನ್ನು ಬರೆದುಕೊಳ್ಳಬೇಕು.
ಇಡೀ ಫಾರಮ್ಮಿನಲ್ಲಿರುವ ಔದಾರ್ಯ ಅದೊಂದೇ.

'ಪೀಪಿನಾ ಅಕ್ಕಾ?' ಬಾಗಿಲ ತುಂಬ ಹುಡುಗರು.
ತೋರಿಸಲೆಂದು ಮೊದಲು ನಾನೇ ಊದಿದೆ.
ಮುಳ್ಳು ಇನ್ನೂರ ಅರವತ್ತಕ್ಕೆ ಹೋಗಿ ನಿಂತಿತು,
ದಿನಾ ನಿಲ್ಲುವ ಹಾಗೆ.
ನನ್ನ ಎತ್ತರಕ್ಕೆ ಮುನ್ನೂರ ಎಂಬತ್ತಾದರೂ ಬೇಕಂತೆ.
ತರಬೇತಿಯ ದಿನ ಡಾಕ್ಟರು, ಕೊಳವೆ ಕೆಟ್ಟಿದೆ ಅಂತ ಬೇರೆ ಕೊಟ್ಟರು.
ಅದೂ ಅಲ್ಲೇ ನಿಂತಿತು.
ಮಿಲ್ಲಿನ ಚಾಳಿನಲ್ಲಿ ಬೆಳೆದವಳು ಅಂತ ನಾನು ಹೇಳಲಿಲ್ಲ.
ಪಾಳಿ ಮುಗಿಸಿ ಬಂದ ಅವ್ವನ ತುರುಬಿನ ತುಂಬ ಹತ್ತಿಯ ಎಳೆ.
ಬಿಡಿಸುವುದು ನನ್ನ ಕೆಲಸ.
ದೀಪದೆದುರು ಹಿಡಿದು
ಉಫ್ ಉಫ್ ಅಂತ ಹಾರಿಸುವುದು ಆಟ.

ಪೀರಾಂಬಿ ಊದಿದಳು. ನೂರೆಪ್ಪತ್ತು.
ಮತ್ತೆ. ನೂರೈವತ್ತು.
ಮೂರನೆಯದಕ್ಕೆ ಗೋಡೆ ಹಿಡಿದಳು.
ಕೆಮ್ಮಿ ಮುಗಿಸುವ ತನಕ ಹುಡುಗರೂ ಸುಮ್ಮನಿದ್ದರು.
ಸೆರಗಿನಿಂದ ಬಾಯೊರೆಸಿಕೊಂಡು, ಊದಿದಳು:
ನೂರೆಂಬತ್ತು.
'ಪಾಸಾ?'

ಹೌದೆನ್ನುವಂತಿಲ್ಲ, ಇಲ್ಲವೆನ್ನುವಂತಿಲ್ಲ.
ಕೇಳಿದವರಿಗೆ ಆರೋಗ್ಯ ಕೇಂದ್ರದ ಚೀಟಿ ಕೊಡಬೇಕು. ಕೊಟ್ಟೆ.
'ಹೋದ ವರ್ಷನೂ ಒಬ್ಬಾಕಿ ಹಿಂಗೇ ಊದಿಸ್ಕೊಂಡು ಹೋದ್ಲು.
ನಮ್ಮ ಉಸಿರೆಲ್ಲಾ ಎಲ್ಲಿಟ್ಟೀರಿ?'
'ಸರ್ವರಿನಲ್ಲಿ' ಅಂದೆ.
ಹೋಟೆಲಿನ ಸರ್ವರು ಅಂದುಕೊಂಡು
ಎಷ್ಟೊತ್ತು ನಕ್ಕಳು, ನಗು ಕೆಮ್ಮಿಗೆ ತಿರುಗಿತು.

ಹೆಸರು ಬರೆಯುವಂತಿಲ್ಲ. ದಾ, ಮೂರು, ನೂರಾ ಹದಿನೇಳು, ಅಷ್ಟೆ.
ಪೀರಾಂಬಿ ಅನ್ನುವುದು ಇಲ್ಲಿಗೆ ನಾನಿಟ್ಟ ಹೆಸರು.
ಏನನ್ನೂ ತೆಗೆದುಕೊಳ್ಳುವಂತಿಲ್ಲ ಅಂತಲೂ ಇದೆ.
ಅದನ್ನು ಓದಿ ಹೇಳುವಷ್ಟರಲ್ಲಿ ಒಂದು ಬೊಗಸೆ ಬಿಸಿ ಮಂಡಕ್ಕಿ
ಬ್ಯಾಗಿನೊಳಗೆ, ಫಾರಮ್ಮುಗಳ ಮೇಲೆ
ಸರ್ರನೆ ಸುರಿದಾಗಿತ್ತು.

ನೂರಾ ಹದಿನೆಂಟು. ಬೀಗ.
'ಕೂಸಿಗೆ ಉಸಿರು ಕಟ್ಟಿತ್ತಕ್ಕಾ,
ರಾತ್ರೀನೇ ದೊಡ್ಡಾಸ್ಪತ್ರೆಗೆ ಹೋದ್ರು' ಅಂದ ಪೀಪಿಯ ಹುಡುಗ.
ಮೂರು ಸಲ ಬಂದೂ ಸಿಗದಿದ್ದರೆ ಆ ಮನೆ ಬಿಡಬಹುದು.
ಮೊದಲ ಭೇಟಿ ಅಂತ ಒತ್ತಿ
ಬೀಗ ಮುಟ್ಟಿ ನೋಡಿದೆ.
ಮಸಿಯ ಮೇಲೆ ಯಾರದೋ ಬೆರಳು ಆಗಲೇ ಮೂಡಿತ್ತು.